ಒಂದೇ ಬೈಕು, ಮೂರು ಬಗೆಯ ಗಾಳಿ: ಪೇಟೆ, ಹೆದ್ದಾರಿ, ಘಾಟಿ, ಕೆಸರು

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ‘ಎಷ್ಟು ಹಾಕ್ಲಿ ಸಾರ್?’ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ನೀನೇ ನೋಡಿ ಹಾಕಪ್ಪ’ ಎಂದುಬಿಡುತ್ತೇವೆ, ಅವನು ಎರಡೂ ಚಕ್ರಕ್ಕೆ ಮೂವತ್ತರ ಮೇಲೆ ತುಂಬಿ ಕಳಿಸುತ್ತಾನೆ. ನನ್ನ ಪಲ್ಸರ್ 150ಕ್ಕೆ ಕಂಪನಿ ಹೇಳುವ ಲೆಕ್ಕ ಬೇರೆಯೇ ಇದೆ: ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಒಬ್ಬನೇ ಓಡಿಸುವಾಗ ಹಿಂದೆ 28, ಹಿಂಬದಿ ಸವಾರರಿದ್ದರೆ ಹಿಂದೆ 32. ಇದರ ಆಚೆ ಎರಡು ಪಂಗಡಗಳ ವಾದವಿದೆ. ಗಾಳಿ ಜಾಸ್ತಿಯಿದ್ದರೆ ಮೈಲೇಜ್ ಬರುತ್ತದೆ ಎನ್ನುವವರು ಒಂದು ಕಡೆ, ಕಡಿಮೆಯಿದ್ದರೆ ರಸ್ತೆಯ ಹಿಡಿತ ಹೆಚ್ಚುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅಷ್ಟಿಷ್ಟು ನಿಜವಿರುವುದರಿಂದಲೇ ಈ ವಾದ ಮುಗಿಯುವುದಿಲ್ಲ. ಹಾಗಾಗಿ ಒಂದು ಮಳೆಗಾಲದಿಂದ ಚಳಿಗಾಲದವರೆಗೆ ಮೂರು ಲೆಕ್ಕಗಳನ್ನು ಒಂದೇ ಬೈಕಿನಲ್ಲಿ, ಅದೇ ಟ್ಯೂಬ್‌ಲೆಸ್ ಟೈರುಗಳಲ್ಲಿ, ಅವೇ ರಸ್ತೆಗಳಲ್ಲಿ ಓಡಿಸಿ ನೋಡಿದೆ: ಕಂಪನಿಯ 25/28, ಬಂಕಿನ ಹುಡುಗನ ಧಾಟಿಯ 32/36, ಹಿಡಿತದವರು ಹೇಳುವ 21/24.

ಅಳತೆಯ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಈ ಅಂಕೆಗಳೆಲ್ಲ ತಣ್ಣಗಿರುವ ಟೈರಿನವು, ಎಂದರೆ ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ನನ್ನದೇ ಗೇಜಿನಲ್ಲಿ ನೋಡಿದವು. ಟೈರಿನೊಳಗಿನ ಗಾಳಿ ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋಗಿ ನೋಡಿದ ಅಂಕೆಯನ್ನು ಬೆಳಗಿನ ಅಂಕೆಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಒತ್ತಡದ ಸಂಖ್ಯೆಯೂ ತುಂಬಬೇಕಾದ ಗಾಳಿಯ ಲೆಕ್ಕವಲ್ಲ, ಆ ಟೈರ್ ತಾಳಬಲ್ಲ ಗರಿಷ್ಠ ಮಿತಿ. ಅದನ್ನೇ ನೋಡಿ ತುಂಬಿಸಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪೇಟೆಯ ಓಡಾಟದಲ್ಲಿ ಮೂರರ ವ್ಯತ್ಯಾಸ ಗೊತ್ತಾದದ್ದು ಹಂಪುಗಳ ಮೇಲೆ. 32/36ರಲ್ಲಿ ಬೆಂಗಳೂರಿನ ಪ್ರತಿಯೊಂದು ಹಂಪೂ ಸೊಂಟಕ್ಕೆ ತಾಗುತ್ತದೆ, ರಸ್ತೆ ಅಗೆದು ಅರ್ಧಂಬರ್ಧ ಮುಚ್ಚಿದ ಕಡೆ ಮುಂದಿನ ಚಕ್ರ ಪುಟಿಯುತ್ತದೆ, ಪುಟಿದಾಗ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವ ಬದಲು ಜಾರುತ್ತದೆ. 21/24ರಲ್ಲಿ ಕೂರುವುದೇನೋ ಮೆತ್ತಗೆ, ಆದರೆ ದಟ್ಟಣೆಯಲ್ಲಿ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಭಾರವಾಗಿ, ಸಂದಿಯಲ್ಲಿ ನುಸುಳಲು ತೋಳಿಗೆ ಹೆಚ್ಚು ಕೆಲಸ ಬೀಳುತ್ತದೆ. ಮೈಲೇಜಿನ ವಾದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದಾಗ 25/28ಕ್ಕಿಂತ 32/36ರಲ್ಲಿ ಸಿಕ್ಕಿದ್ದು ಲೀಟರಿಗೆ ಹೆಚ್ಚೆಂದರೆ ಒಂದು ಕಿಲೋಮೀಟರ್, ಸಿಗ್ನಲ್‌ಗಳಲ್ಲಿ ಎಂಜಿನ್ ಆರಿಸುವ ಅಭ್ಯಾಸದಿಂದ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ 21/24ಕ್ಕೆ ಇಳಿಸಿದಾಗ ಕಳೆದುಕೊಂಡದ್ದು ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಲಾಭ ಸಣ್ಣದು, ನಷ್ಟ ದೊಡ್ಡದು.

ಹೆದ್ದಾರಿಯ ಪರೀಕ್ಷೆಗೆ ನೆಲಮಂಗಲದಿಂದ ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ನ್ನು ಆರಿಸಿಕೊಂಡೆ. (ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ.) ಗಂಟೆಗೆ 75ರಿಂದ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡಿಸಿ ಕುಣಿಗಲ್ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿ, ಮೂರು ಸಲವೂ ಹಿಂದಿನ ಟೈರಿಗೆ ಕೂಡಲೇ ಗೇಜ್ ಹಿಡಿದೆ. ಬೆಳಿಗ್ಗೆ 36 ಇದ್ದದ್ದು 38 ಆಗಿತ್ತು, 28 ಇದ್ದದ್ದು 31 ಆಗಿತ್ತು, 24 ಇದ್ದದ್ದು 28 ಆಗಿತ್ತು. ಗಾಳಿ ಕಡಿಮೆಯಿದ್ದಷ್ಟೂ ಟೈರ್ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ, ಮಡಚಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಮೂರನೆಯ ಸಲ ಗೇಜ್ ತೋರಿಸಿದ 28 ಎಂಬ ಅಂಕೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ. ನನಗೆ ಬೆಳಗಿನ ಲೆಕ್ಕ ಗೊತ್ತಿಲ್ಲದಿದ್ದರೆ ‘ಕಂಪನಿ ಹೇಳಿದಷ್ಟೇ ಇದೆ’ ಎಂದು ನೆಮ್ಮದಿಯಾಗಿ ಮುಂದೆ ಹೋಗುತ್ತಿದ್ದೆ, ಆದರೆ ಅಂಗೈ ಇಟ್ಟರೆ ಟೈರ್ ಸುಡುತ್ತಿತ್ತು. ಇದರ ತಿರುಗುಮುರುಗು ತಪ್ಪೂ ಇದೆ: ಬಿಸಿಯಾಗಿ 31 ತೋರಿಸುವ ಟೈರಿನಿಂದ ಮೂರು ಪಿಎಸ್‌ಐ ಬಿಟ್ಟರೆ ಮರುದಿನ ಬೆಳಿಗ್ಗೆ ಅದು 25ರ ಆಸುಪಾಸಿಗೆ ಬಂದಿರುತ್ತದೆ. ಹೆದ್ದಾರಿಯ ದೂರದ ಓಟಕ್ಕೆ ನನ್ನ ಆಯ್ಕೆ 27/30. ನೇರ ರಸ್ತೆಯಲ್ಲಿ ಗಾಡಿ ಸ್ಥಿರವಾಗಿರುತ್ತದೆ, ಬಿಸಿಯೂ ಹತೋಟಿಯಲ್ಲಿರುತ್ತದೆ.

ಘಾಟಿ ಬಂದರೆ ಹಿಡಿತದ ಪಂಗಡದವರ ವಾದಕ್ಕೆ ಬಲ ಬರುತ್ತದೆ. ಟೈರ್ ನೆಲಕ್ಕೆ ತಾಗುವ ಜಾಗವನ್ನು ಅಂದಾಜಿಗೆ ಹೇಳಬೇಕೆಂದರೆ, ಚಕ್ರದ ಮೇಲಿನ ಭಾರವನ್ನು ಒತ್ತಡದಿಂದ ಭಾಗಿಸಿದಷ್ಟು. ಹಿಂದಿನ ಚಕ್ರದ ಮೇಲೆ 120 ಕಿಲೋ ಬೀಳುತ್ತದೆ ಎಂದುಕೊಂಡರೆ 28ರಲ್ಲಿ ಸುಮಾರು 61 ಚದರ ಸೆಂಟಿಮೀಟರ್, 36ರಲ್ಲಿ 47, 24ರಲ್ಲಿ 71. ಅಂಗೈಗಿಂತ ಕಿರಿದಾದ ಈ ಜಾಗದ ಮೇಲೆ ನಮ್ಮ ತಿರುವುಗಳೆಲ್ಲ ನಿಂತಿವೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹಿಂದಿನ ಟೈರಿನ ಮೇಲೆ ಅಂಚಿನಿಂದ ಅಂಚಿಗೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಚಾರ್ಮಾಡಿ ಘಾಟಿ ಇಳಿದ ಮೇಲೆ ಎಷ್ಟು ಅಳಿಸಿದೆ ಎಂದು ನೋಡಿದೆ. 36ರಲ್ಲಿ ನಡುವಿನ ಪಟ್ಟಿ ಮಾತ್ರ ಕರಿದಾಗಿ, ಎರಡೂ ಕಡೆ ಎರಡೆರಡು ಬೆರಳಿನಷ್ಟು ಬಿಳಿ ಉಳಿದಿತ್ತು. 28ರಲ್ಲಿ ಉಳಿದದ್ದು ಒಂದೊಂದು ಬೆರಳು. 24ರಲ್ಲಿ ಗೆರೆ ಹೆಚ್ಚುಕಡಿಮೆ ಅಂಚಿನವರೆಗೂ ಮಾಸಿತ್ತು. ಮೂರು ಸಲವೂ ಒಂದೇ ಕೋನದಲ್ಲಿ ವಾಲಿಸಿದ್ದೆ ಎಂದು ಆಣೆ ಮಾಡಿ ಹೇಳಲಾರೆ, ಆದರೂ ಟೈರ್ ಎಷ್ಟು ಹರಡಿಕೊಳ್ಳುತ್ತದೆ ಎಂಬುದನ್ನು ಈ ಗೆರೆ ಕಣ್ಣಿಗೆ ಕಾಣುವಂತೆ ತೋರಿಸಿತು.

ಜಾಗ ಹೆಚ್ಚಾಯಿತೆಂದರೆ 24 ಗೆದ್ದಿತು ಎನ್ನಬೇಕಲ್ಲವೇ? ಗೆಲ್ಲಲಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಗಾಡಿ ವಾಲಿದ ಮೇಲೆ ಟೈರಿನ ಪಕ್ಕೆ ಒಂದಿಷ್ಟು ಕುಸಿದು ಆಮೇಲೆ ಕೂರುತ್ತದೆ, ಆ ಕ್ಷಣದಲ್ಲಿ ಹಿಂದಿನ ಚಕ್ರ ಬೇರೆ ಯಾರದೋ ಮಾತು ಕೇಳುತ್ತಿರುವ ಹಾಗೆ ಅನಿಸುತ್ತದೆ. ಎಡಕ್ಕೆ ವಾಲಿ ತಕ್ಷಣ ಬಲಕ್ಕೆ ಎಳೆಯಬೇಕಾದ ಕಡೆ ಈ ತಡ ಇನ್ನೂ ಸ್ಪಷ್ಟ. 36ರ ದೋಷ ಬೇರೆ ಬಗೆಯದು: ನಯವಾದ ಡಾಂಬರಿನಲ್ಲಿ ಗಾಡಿ ಚುರುಕಾಗಿ ತಿರುಗುತ್ತದೆ, ಆದರೆ ತಿರುವಿನ ನಡುವೆ ಒಂದು ತೇಪೆ ಸಿಕ್ಕರೂ ಚಕ್ರ ಅರ್ಧ ಅಡಿ ಹೊರಕ್ಕೆ ಜಾರುತ್ತದೆ. ಘಾಟಿಗೆ ಕಂಪನಿಯ 25/28 ಅನ್ನು ಮೀರಿಸುವ ಲೆಕ್ಕ ನನಗೆ ಸಿಗಲಿಲ್ಲ.

ಮಳೆಗೆ ಗಾಳಿ ಇಳಿಸಬೇಕೆನ್ನುವ ಸಲಹೆಯನ್ನಂತೂ ನಾನು ಒಪ್ಪುವುದಿಲ್ಲ. ನಿಂತ ನೀರಿನ ಮೇಲೆ ಟೈರ್ ತೇಲತೊಡಗುವ ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ, 28ರಿಂದ 24ಕ್ಕೆ ಇಳಿಸಿದರೆ ಆ ವೇಗ ಏಳೆಂಟು ಶೇಕಡಾ ಕಡಿಮೆಯಾಗುತ್ತದೆ. ನೀರನ್ನು ಪಕ್ಕಕ್ಕೆ ತಳ್ಳಬೇಕಾದ ಕಾಲುವೆಗಳು ಮೆತ್ತಗಿನ ಟೈರಿನಲ್ಲಿ ಮುಚ್ಚಿಕೊಳ್ಳುತ್ತವೆ.

ಕರಾವಳಿಗೆ ಇಳಿಯುವವರಿಗೆ ಒಂದು ಕುತೂಹಲದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿ ತುಂಬಿದ ಟೈರಿಗೆ ಮಂಗಳೂರಿನಲ್ಲಿ ಗೇಜ್ ಹಿಡಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಿರುವ ಕಾರಣ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸಬೇಕು. ಆದರೆ ಅಲ್ಲಿಯ ಸೆಕೆ ಅಷ್ಟನ್ನೂ ಬಹುಮಟ್ಟಿಗೆ ಹಿಂದಕ್ಕೆ ಕೊಡುತ್ತದೆ, ನಾವು ಮುಟ್ಟಬೇಕಾಗಿಲ್ಲ.

ಸವಾರಿಯ ಶೈಲಿಗಿಂತ ಭಾರವೇ ಮುಖ್ಯ ಎಂದು ನನಗೆ ಮನವರಿಕೆಯಾದದ್ದು ಹೆಂಡತಿಯನ್ನೂ ಎರಡು ಚೀಲಗಳನ್ನೂ ಕೂರಿಸಿಕೊಂಡು ಮೂಡಿಗೆರೆಗೆ ಹೋದಾಗ. ಹಿಂದೆ 28 ಇಟ್ಟುಕೊಂಡು ಹೊರಟವನು ಬೇಲೂರಿನಲ್ಲಿ 32 ಮಾಡಿಸಿದೆ, ಅಲ್ಲಿಂದ ಮುಂದೆ ಬೇರೆ ಗಾಡಿಯನ್ನೇ ಓಡಿಸಿದಂತಿತ್ತು.

ಗಾಳಿ ಇಳಿಸುವುದು ಸರಿಯಾದ ಒಂದೇ ಜಾಗ ಮೂಡಿಗೆರೆಯ ತೋಟದ ದಾರಿ. ಜುಲೈ ತಿಂಗಳ ಕೆಂಪು ಕೆಸರು, ಎರಡು ಕಿಲೋಮೀಟರ್ ಏರು. ‘ಭಾವ, ಈ ಗಾಳೀಲಿ ಮೇಲೆ ಬಂದ್ರೆ ಗಾಡಿ ನಿಮ್ ಮಾತು ಕೇಳಲ್ಲ’ ಎಂದು ಹೆಂಡತಿಯ ತಮ್ಮ ಗೇಟಿನಲ್ಲೇ ನಿಲ್ಲಿಸಿ, ವಾಲ್ವಿನ ಪಿನ್ನನ್ನು ಕಡ್ಡಿಯಿಂದ ಒತ್ತಿ ಗಾಳಿ ಬಿಟ್ಟ. ಗೇಜ್ 17/18 ತೋರಿಸಿತು. ಬೆಳಿಗ್ಗೆ 28ರಲ್ಲಿ ಎರಡು ಸಲ ಜಾರಿ ನಿಂತಿದ್ದ ಏರನ್ನು ಬೈಕು ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿತು. ಆದರೆ ಮರುದಿನ ಹೊರಡುವ ಅವಸರದಲ್ಲಿ ಗಾಳಿ ತುಂಬಿಸುವುದನ್ನು ಮರೆತು ಡಾಂಬರು ರಸ್ತೆಗೆ ಬಂದೆ, ಬೇಲೂರು ತಲುಪುವ ಮೊದಲೇ ಒಂದು ಗುಂಡಿಯಲ್ಲಿ ಹಿಂದಿನ ಚಕ್ರ ಕಟ್ ಎಂದಿತು. ಉಗುರಿನಷ್ಟು ಬಾಗಿದ ರಿಮ್ಮಿನ ಅಂಚಿನಿಂದ ಗಾಳಿ ಇಂದಿಗೂ ವಾರಕ್ಕೆ ಎರಡು ಪಿಎಸ್‌ಐ ಸೋರುತ್ತದೆ. ಆಮೇಲೆ ಕೊಂಡ ಕಾಲುಪಂಪಿನಲ್ಲಿ 18ರಿಂದ 28ಕ್ಕೆ ಏರಿಸಲು ಮೂವತ್ತರ ಆಸುಪಾಸು ತುಳಿತ ಬೇಕು, ಅದನ್ನು ಈಗ ತೋಟದ ಗೇಟಿನ ಪಕ್ಕದ ಶೆಡ್ಡಿನಲ್ಲೇ ಇಟ್ಟಿದ್ದೇನೆ.