1966ರ ಮಸ್ಟಾಂಗ್ ಮುಂಭಾಗಕ್ಕೆ ಮೂರು ದಾರಿ: ಷೆಲ್ಬಿ ಡ್ರಾಪ್, ಕಾಯಿಲ್‌ಓವರ್, ಮಸ್ಟಾಂಗ್ 2 ಕಿಟ್

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ 1965-66ರ ಫೋರ್ಡ್ ಮಸ್ಟಾಂಗ್ ಕಾರು ಇದ್ದು, ಅದನ್ನು ತಿರುವಿನ ರಸ್ತೆಯಲ್ಲಿ ಧೈರ್ಯವಾಗಿ ಓಡಿಸಬೇಕು ಅನ್ನಿಸಿದ್ದರೆ, ದುಡ್ಡು ಮೊದಲು ಹೋಗಬೇಕಾದ್ದು ಬಾಡಿ ಗಟ್ಟಿ ಮಾಡಿಸುವುದಕ್ಕೆ. ಆಮೇಲೆ ಮುಂದಿನ ಸಸ್ಪೆನ್ಷನ್‌ಗೆ, ಅಂದರೆ ಕೆಳಗೆ ಹೇಳುವ ಷೆಲ್ಬಿ ಡ್ರಾಪ್‌ನ ಎರಡೆರಡು ತೂತುಗಳಿಗೆ. ಅದಾದ ಮೇಲೂ ದುಡ್ಡು ಉಳಿದಿದ್ದರೆ ಕ್ಯಾಟಲಾಗ್‌ನಲ್ಲಿ ಹೊಳೆಯುವ ಸಾಮಾನಿಗೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

ನನ್ನ ಕಾರಿನ ಮೇಲೆ ಕಾರ್ಖಾನೆ ಒತ್ತಿದ ನಂಬರ್ ಶುರುವಾಗುವುದು 6ಆರ್07ಸಿ ಅಂತ. ಅಂದರೆ 1966ರ ಮಾಡೆಲ್, ಸ್ಯಾನ್ ಹೋಸೆ ಕಾರ್ಖಾನೆ, ಹಾರ್ಡ್‌ಟಾಪ್, 289 ಘನ ಇಂಚಿನ ಇಂಜಿನ್, 200 ಕುದುರೆ ಶಕ್ತಿ. ಹೆಸರಿಗೆ ಸ್ಯಾನ್ ಹೋಸೆ, ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, ಈಗ ಅಲ್ಲಿ ಗ್ರೇಟ್ ಮಾಲ್ ಇದೆ. ಬೇ ಏರಿಯಾದ ಕನ್ನಡದವರು ಶೂ, ಸೂಟ್‌ಕೇಸ್ ಅಂತ ಓಡಾಡುವ ಅದೇ ಮಾಲ್, ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಕರೆದುಕೊಂಡು ಹೋಗುವ ಜಾಗ. ಕಾರು ಹುಟ್ಟಿದ್ದು ಅಲ್ಲೇ.

ಇಲ್ಲಿ ಹೋಲಿಸುತ್ತಿರುವ ಮೂರು ಸಸ್ಪೆನ್ಷನ್‌ಗಳಲ್ಲಿ ಮೊದಲಿನ ಎರಡನ್ನು ಒಂದರ ಹಿಂದೆ ಒಂದು ನನ್ನ ಕಾರಿಗೇ ಹಾಕಿ ನೋಡಿದ್ದು. ಮೂರನೆಯದು ಗೆಳೆಯನೊಬ್ಬನ ಕಾರಿನಲ್ಲಿದೆ. ಅದೂ 66ರ ಕೂಪೆ, ಅದೇ 289. ಅವನದನ್ನು ಸುಮ್ನೆ ಒಂದು ಸುತ್ತು ಹಾಕಿ ಕೊಟ್ಟದ್ದಲ್ಲ, ವಾರಗಟ್ಟಲೆ ಇಟ್ಟುಕೊಂಡು ಓಡಿಸಿದ್ದೇನೆ. ಮೂರಕ್ಕೂ ಪರೀಕ್ಷೆ ಒಂದೇ ರಸ್ತೆ: ಸ್ಯಾನ್ ಹೋಸೆಯ ಆಲಂ ರಾಕ್‌ನಿಂದ ಮೌಂಟ್ ಹ್ಯಾಮಿಲ್ಟನ್ ಮೇಲಿರುವ ಲಿಕ್ ವೀಕ್ಷಣಾಲಯಕ್ಕೆ. 1876ರಲ್ಲಿ ಕುದುರೆ ಗಾಡಿಗಳಿಗಾಗಿ ಮಾಡಿದ ದಾರಿ ಅದು. ಕುದುರೆಗೆ ಏರು ಭಾರವಾಗಬಾರದು ಅಂತ ಬೆಟ್ಟವನ್ನು ಸುತ್ತಿಸಿ ಸುತ್ತಿಸಿ ಎಳೆದಿದ್ದಾರೆ, ಹಾಗಾಗಿ ಕಡಿದು ಅನ್ನಿಸುವುದಿಲ್ಲ, ಆದರೆ ತಿರುವು ಮಾತ್ರ ಮುಗಿಯುವುದೇ ಇಲ್ಲ, ಅಲ್ಲಲ್ಲಿ ತೇಪೆ ಹಾಕಿದ ಟಾರು ಬೇರೆ. ಸಸ್ಪೆನ್ಷನ್ ಸುಳ್ಳು ಹೇಳೋಕೆ ಅಲ್ಲಿ ಜಾಗ ಇಲ್ಲ.

ಮೊದಲು ಬಾಡಿ ವಿಷಯ, ಯಾಕೆಂದರೆ ಇದಿಲ್ಲದೆ ಮೂರರಲ್ಲಿ ಯಾವುದು ಹಾಕಿಸಿದರೂ ದಂಡ. ಮಸ್ಟಾಂಗ್‌ಗೆ ಪ್ರತ್ಯೇಕ ಚಾಸಿ ಇಲ್ಲ. ಫಾಲ್ಕನ್ ಕಾರಿನ ತಳವನ್ನೇ ತೆಗೆದುಕೊಂಡು ಅದರ ಮೇಲೆ ಚೆಂದದ ಬಾಡಿ ಕೂರಿಸಿದ್ದು. ಮುಂದಿನ ಎರಡು ರೈಲ್‌ಗಳು, ಅಂದರೆ ಬಾಡಿ ಕೆಳಗಿನ ಉದ್ದ ತೊಲೆಗಳು, ಮುಂದಿನ ಸೀಟಿನ ಕೆಳಗೆ ಬಂದು ನಿಂತುಬಿಡುತ್ತವೆ, ಹಿಂದಿನವು ಹಿಂದಿನ ಸೀಟಿನ ಮುಂದೆ ಶುರುವಾಗುತ್ತವೆ, ನಡುವೆ ಇರುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ರಾಕರ್ ಅಷ್ಟೇ. ಒಳಗಿನ ಟ್ರೇ ತೆಗೆದ ಬೆಂಕಿಪೊಟ್ಟಣವನ್ನು ಹಿಂಡಿ ನೋಡಿ, ಅದೇ ಥರ ಓರೆಯಾಗುತ್ತದೆ. ನನ್ನ ಕಾರಿನ ಮುಂದಿನ ಒಂದು ಮೂಲೆಗೆ ಜಾಕ್ ಕೊಟ್ಟರೆ ಆ ಕಡೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಬೀಗದ ನಾಲಿಗೆ ಕೊಂಡಿಗೆ ತಾಗುತ್ತಿತ್ತು. ಎರಡು ರೈಲ್‌ಗಳನ್ನು ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ವೆಲ್ಡ್ ಮಾಡಿಸಿದ ಮೇಲೆ ಅದೇ ಮೂಲೆಗೆ ಜಾಕ್ ಕೊಟ್ಟು ಬಾಗಿಲು ತೆಗೆದು ಹಾಕಬಹುದು. ಬೋಲ್ಟ್ ಹಾಕುವ ಥರದ್ದೂ ಸಿಗುತ್ತದೆ, ಬೇಡ, ವೆಲ್ಡೇ ಮಾಡಿಸಿ. ಮತ್ತೆ ವೆಲ್ಡ್ ಮಾಡುವಾಗ ಕಾರಿನ ಭಾರ ನಾಲ್ಕು ಚಕ್ರದ ಮೇಲೇ ಇರಬೇಕು, ಮಧ್ಯದಲ್ಲಿ ಎತ್ತಿ ಇಟ್ಟು ವೆಲ್ಡ್ ಮಾಡಿದರೆ ಆ ಓರೆ ಶಾಶ್ವತವಾಗಿ ಕೂತುಬಿಡುತ್ತದೆ.

ಇಂಜಿನ್ ಮೇಲೆ ಎರಡು ಸಾಮಾನು. ಒಂದು ಎಕ್ಸ್‌ಪೋರ್ಟ್ ಬ್ರೇಸ್: ಶಾಕ್ ಟವರ್‌ಗಳನ್ನು (ಮುಂದಿನ ಸ್ಪ್ರಿಂಗ್, ಶಾಕ್ ಹಿಡಿದಿಡುವ ತಗಡಿನ ಗೂಡುಗಳನ್ನು) ಕ್ಯಾಬಿನ್ ಗೋಡೆಗೆ ಬಿಗಿಯುವ ಒಂದೇ ತುಂಡಿನ ತಗಡು. ಕೆಟ್ಟ ರಸ್ತೆಯ ದೇಶಗಳಿಗೆ ಹೋಗುವ ಕಾರುಗಳಿಗೆ ಫೋರ್ಡ್ ಹಾಕುತ್ತಿತ್ತು, ಅಮೆರಿಕದೊಳಗೆ ಮಾರಿದ ಮಾಮೂಲಿ ಕಾರುಗಳಿಗೆ ಎರಡು ಬಿಡಿ ಪಟ್ಟಿ ಅಷ್ಟೇ. ಇನ್ನೊಂದು ಮಾಂಟೆ ಕಾರ್ಲೊ ಬಾರ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಡ್ಡ ಹಾಕುವ ಸರಳು. ಇದನ್ನು ಹಾಕಲು ಹೋದಾಗ ನಿಮ್ಮ ಕಾರಿನ ನಿಜ ಗೊತ್ತಾಗುತ್ತದೆ. ಇಷ್ಟು ವರ್ಷ ಸ್ಪ್ರಿಂಗ್ ತಳ್ಳಿ ತಳ್ಳಿ ಎರಡೂ ಟವರ್ ಒಳಗೆ ವಾಲಿರುತ್ತವೆ. ಒಂದು ಕಡೆ ಬೋಲ್ಟ್ ಕೂತರೆ ಇನ್ನೊಂದು ಕಡೆ ತೂತು ಸೇರುವುದಿಲ್ಲ. ನನ್ನದರಲ್ಲಿ ಟವರ್‌ಗಳ ನಡುವೆ ಜಾಕ್ ಕೊಟ್ಟು ನಿಧಾನವಾಗಿ ಅಗಲಿಸಿ ಕೂರಿಸಬೇಕಾಯಿತು. ಬಾರ್ ಸೇರಲಿಲ್ಲ ಅಂತ ಅದರ ತೂತನ್ನೇ ಉದ್ದ ಮಾಡುವವರಿದ್ದಾರೆ. ಏನು ಹೇಳೋದು!

ಈಗ ಮೊದಲ ದಾರಿ. ಕಂಪನಿ ವಿನ್ಯಾಸವನ್ನೇ ಉಳಿಸಿಕೊಂಡು, ಸವೆದದ್ದನ್ನೆಲ್ಲ ಹೊಸದು ಹಾಕಿ, ಚಕ್ರವನ್ನು ಟವರ್‌ಗೆ ಸೇರಿಸುವ ಮೇಲಿನ ಆರ್ಮ್ ಅನ್ನು 1 ಇಂಚು ಕೆಳಗೆ ಇಳಿಸುವುದು. ಇದನ್ನು ಷೆಲ್ಬಿ ಡ್ರಾಪ್ ಅನ್ನುತ್ತಾರೆ. ಲೆಕ್ಕ ಹಾಕಿದ್ದು ಫೋರ್ಡ್ ಇಂಜಿನಿಯರ್ ಕ್ಲಾಸ್ ಆರ್ನಿಂಗ್, ಹಾಗಾಗಿ ಕೆಲವರು ಆರ್ನಿಂಗ್ ಡ್ರಾಪ್ ಅಂತಲೂ ಕರೆಯುತ್ತಾರೆ. ಮಸ್ಟಾಂಗ್‌ನದೇ ಚುರುಕು ರೂಪವಾದ 1965ರ ಷೆಲ್ಬಿ ಜಿಟಿ350ಗಳಲ್ಲಿ ಇತ್ತು, 1966ರಲ್ಲಿ ಶುರುವಿನ ಕಾರುಗಳ ನಂತರ ಖರ್ಚು ಉಳಿಸಲು ಕೈಬಿಟ್ಟರು. ಕೆಲಸ ಇಷ್ಟೇ: ಆರ್ಮ್ ಬಿಚ್ಚಿ, ಈಗಿರುವ ತೂತುಗಳ ಕೆಳಗೆ ಅಚ್ಚಿಟ್ಟು, ಪ್ರತಿ ಟವರ್‌ಗೆ ಎರಡೆರಡು ಹೊಸ ತೂತು. ಆಮೇಲೆ ಆರ್ಮ್ ಅಲ್ಲಿಗೆ ಬಿಗಿಯಿರಿ.

ಯಾಕೆ ಇಷ್ಟು ಫರಕು ಅಂದರೆ, ಕಂಪನಿ ಸ್ಥಿತಿಯಲ್ಲಿ ಕಾರು ತಿರುವಿನಲ್ಲಿ ವಾಲಿದಾಗ ಹೊರಗಿನ ಚಕ್ರದ ಮೇಲ್ತುದಿಯೂ ಹೊರಕ್ಕೆ ವಾಲುತ್ತದೆ, ಟಯರ್ ತನ್ನ ಹೊರ ಅಂಚಿನ ಮೇಲೆ ನಿಂತು ಕಿರುಚುತ್ತದೆ. ಆರ್ಮ್ ಇಳಿಸಿದರೆ ಸಸ್ಪೆನ್ಷನ್ ಒತ್ತಿಕೊಂಡಂತೆ ಚಕ್ರದ ಮೇಲ್ತುದಿ ಒಳಕ್ಕೆ ಎಳೆದುಕೊಳ್ಳುತ್ತದೆ, ಟಯರ್ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ. ಕಾರಿನ ಮೂತಿಯೂ ಅರ್ಧ ಇಂಚಿಗಿಂತ ಚೂರು ಜಾಸ್ತಿ ಇಳಿಯುತ್ತದೆ, ನೋಡೋಕೂ ಚೆಂದ. ಇದರ ಜೊತೆಗೆ 560 ಪೌಂಡಿನ (1 ಇಂಚು ಒತ್ತಲು ಅಷ್ಟು ಭಾರ ಬೇಕಾಗುವ) ಸ್ಪ್ರಿಂಗ್, ಕಾರು ವಾಲುವುದನ್ನು ತಡೆಯುವ 1 ಇಂಚು ದಪ್ಪದ ಸ್ವೇ ಬಾರ್, ಒಳ್ಳೆಯ ಗ್ಯಾಸ್ ಶಾಕ್ ಹಾಕಿದೆ. 560 ಅಂದರೆ ಗಾಬರಿ ಬೇಡ. ಈ ಕಾರಿನಲ್ಲಿ ಸ್ಪ್ರಿಂಗ್ ಕೂರುವುದು ಮೇಲಿನ ಆರ್ಮಿನ ನಡುವೆ, ಚಕ್ರ ಚಲಿಸಿದ್ದರಲ್ಲಿ ಅದು ಚಲಿಸುವುದು ಸುಮಾರು ಅರ್ಧ ಮಾತ್ರ, ಹಾಗಾಗಿ ಚಕ್ರಕ್ಕೆ ತಾಗುವ ಗಡಸು ಅದರ ಕಾಲು ಭಾಗದಷ್ಟು. ಆದರೆ ಈ ಸ್ಪ್ರಿಂಗ್ ಬಿಚ್ಚುವ ಕೆಲಸ ಮಾತ್ರ ಹುಡುಗಾಟ ಅಲ್ಲ. ಸ್ಪ್ರಿಂಗ್ ಒತ್ತಿ ಹಿಡಿಯುವ ಗಟ್ಟಿ ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ, ಜಾರಿದರೆ ಮುಖಕ್ಕೇ ಬರುತ್ತದೆ.

ಇನ್ನೊಂದು ಮಾತು, ಹಳೆ ಮಸ್ಟಾಂಗ್ ಹಂಪ್ ಮೇಲೆ ಹೋಗುವಾಗ ಹಳೇ ಮಂಚ ಕಿರುಗುಟ್ಟುವ ಸದ್ದು ಕೇಳಿದ್ದೀರಾ? ಅದು ಮೇಲಿನ ಆರ್ಮಿನ ಬುಷ್‌ಗೆ ಗ್ರೀಸ್ ಹೋಗದ ಸದ್ದು. ಲೋಹದ ಬುಷ್, ಗ್ರೀಸ್ ಹಾಕುವ ಜಾಗ ಟವರ್ ಒಳಗೆ, ಗನ್ ತೂರಿಸೋಕೇ ಆಗಲ್ಲ, ಹಾಗಾಗಿ ಯಾರೂ ಹಾಕಿರುವುದಿಲ್ಲ. ಆರ್ಮ್ ಕೈಯಲ್ಲಿ ಇರುವಾಗಲೇ ಬಾಗಿದ ನಿಪ್ಪಲ್ ಹಾಕಿಬಿಡಿ. ಸ್ಪ್ರಿಂಗ್ ಕೂರುವ ಕೆಳಗಿನ ರಬ್ಬರ್ ಪರ್ಚ್ ತೆಗೆದು ರೋಲರ್ ಪರ್ಚ್ ಹಾಕಿಸಿದ್ದು ನನಗೆ ತುಂಬಾ ಹಿಡಿಸಿತು, ಸಣ್ಣ ಸಣ್ಣ ಉಬ್ಬುಗಳ ಮೇಲೆ ಮುಂಭಾಗ ಮೆತ್ತಗಾಯಿತು.

ಇದೆಲ್ಲ ಆದ ಮೇಲೆ ಅಲೈನ್‌ಮೆಂಟ್. ಕಂಪನಿಯ ಅಳತೆ ಆ ಕಾಲದ ಬಯಾಸ್ ಟಯರ್‌ಗೆ ಬರೆದದ್ದು, ಈಗಿನ ರೇಡಿಯಲ್ ಟಯರ್‌ಗೆ ಅಲ್ಲ. ಅಂಗಡಿಯವನು ಕಂಪ್ಯೂಟರ್‌ನಲ್ಲಿ 1966 ಅಂತ ಒತ್ತಿ ಅದನ್ನೇ ಹಾಕಿಕೊಡುತ್ತಾನೆ. ಬೇಡ ಅನ್ನಿ. ರೇಡಿಯಲ್‌ಗೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವುದು) ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲುವುದು) ಪ್ಲಸ್ ಎರಡೂವರೆಯಿಂದ ಮೂರು, ಟೋ (ಎರಡು ಚಕ್ರಗಳ ಮುಂದಿನ ಅಂಚು ಒಂದರ ಕಡೆ ಒಂದು ತಿರುಗುವುದು) ಒಳಕ್ಕೆ 1/8 ಇಂಚು ಅಂತ ಚೀಟಿಯಲ್ಲಿ ಬರೆದು ಕೊಡಿ. ಎಲ್ಲ ಸೇರಿ ನನಗೆ ಸಾಮಾನಿಗೆ ಆದದ್ದು ಒಂದೂವರೆ ಸಾವಿರ ಡಾಲರ್ ಒಳಗೆ. ಮೌಂಟ್ ಹ್ಯಾಮಿಲ್ಟನ್ ಮೇಲೆ ಮೊದಲು ಸ್ಟೇರಿಂಗ್ ಹಿಡಿದು ಜಗಳ ಆಡುತ್ತಿದ್ದವನು ಆಮೇಲೆ ಕಿಟಕಿಯಾಚೆ ಕಣಿವೆ ನೋಡುವಷ್ಟು ನಿರಾಳ ಆದೆ.

ಎರಡನೆಯದು ಕಾಯಿಲ್‌ಓವರ್. ಟವರ್ ಹಾಗೇ ಇರುತ್ತದೆ, ಒಳಗಿನ ದೊಡ್ಡ ಸ್ಪ್ರಿಂಗ್ ಮತ್ತು ಶಾಕ್ ಎರಡೂ ಹೋಗಿ, ಶಾಕ್ ಸುತ್ತಲೇ ಸ್ಪ್ರಿಂಗ್ ಇರುವ ಒಂದು ಜೋಡಿ ಬರುತ್ತದೆ. ಪೈಪಿನಿಂದ ಮಾಡಿದ ಮೇಲಿನ ಆರ್ಮ್, ಕೆಳಗಿನ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ರಬ್ಬರ್ ಇಲ್ಲದ ಸ್ಟ್ರಟ್ ರಾಡ್, ಎತ್ತರ ಬೇಕಾದಂತೆ ತಿರುಗಿಸಿಕೊಳ್ಳುವ ಕಾಲರ್, ಶಾಕ್ ಗಡಸು ಬದಲಿಸಲು ಗುಂಡಿ. ಬೆಲೆ ಮೊದಲಿನದರ ಎರಡು ಮೂರು ಪಟ್ಟು. ಕೆಲಸ ಅಚ್ಚುಕಟ್ಟು, ಬೋಲ್ಟ್‌ನಲ್ಲೇ ಮುಗಿಯುತ್ತದೆ, ಬೇಡವಾದರೆ ವಾಪಸ್ ಹಳೆಯದು ಹಾಕಬಹುದು.

ಓಡಿಸುವಾಗ? ನಿಜ ಹೇಳಬೇಕೆಂದರೆ ಗುಂಡಿಯ ಉಪಯೋಗ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಊರೊಳಗೆ ಮೆತ್ತಗೆ, ಬೆಟ್ಟದಲ್ಲಿ ಗಟ್ಟಿ, ಬಾನೆಟ್ ಎತ್ತಿ ಎರಡು ನಿಮಿಷದ ಕೆಲಸ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯುತ್ತಿದ್ದದ್ದು ನಿಂತಿತು, ಅದು ಸ್ಟ್ರಟ್ ರಾಡ್‌ನ ಪುಣ್ಯ. ಆದರೆ ಈ ಸ್ಟ್ರಟ್ ರಾಡ್ ಅನ್ನು ಬಿಡಿಯಾಗಿ ತಂದು ಮೊದಲ ದಾರಿಗೂ ಸೇರಿಸಬಹುದು, ಅದೇ ಲಾಭ ಕಾಲು ಬೆಲೆಗೆ. ತಿರುವಿನ ಹಿಡಿತದಲ್ಲಿ ಷೆಲ್ಬಿ ಡ್ರಾಪ್‌ಗೂ ಇದಕ್ಕೂ ರಸ್ತೆಯ ವೇಗದಲ್ಲಿ ನನಗೆ ದೊಡ್ಡ ಅಂತರ ಕಾಣಲಿಲ್ಲ. ಟ್ರ್ಯಾಕ್‌ಗೆ ಹೋಗುವವರಿಗೆ ಕಾಣುತ್ತದೆ, ಅವರು ಖಂಡಿತ ಹಾಕಿಸಲಿ. ಇನ್ನು ರಬ್ಬರ್ ಇಲ್ಲದ ಜಾಯಿಂಟ್‌ಗಳು ಸವೆಯುತ್ತಿದ್ದಂತೆ ಸಣ್ಣಗೆ ಟಕ್ ಟಕ್ ಅನ್ನುತ್ತವೆ, ಪಾರ್ಕಿಂಗ್‌ನಲ್ಲಿ ಪಕ್ಕದವರಿಗೂ ಕೇಳುತ್ತೆ. ನನ್ನ ಹೆಂಡತಿ "ಏನೋ ಬಿಚ್ಕೊಂಡಿದೆ ರೀ" ಅಂತ ಇಳಿದು ನೋಡಿದ್ದೂ ಇದೆ. ಆದರೂ ತೆಗೆದಿಲ್ಲ, ಈಗಲೂ ಅದೇ ಇದೆ, ಯಾಕೆಂದರೆ ಗುಂಡಿ ತಿರುಗಿಸುವ ಚಟ ಬಿಡಲ್ಲ.

ಮೂರನೆಯದು ಮಸ್ಟಾಂಗ್ 2 ಕಿಟ್. 1974ರಿಂದ 1978ರವರೆಗೆ ಬಂದ ಪುಟ್ಟ ಮಸ್ಟಾಂಗ್ ಕಾರನ್ನು ಹಳೆ ಮಸ್ಟಾಂಗ್ ಪ್ರೇಮಿಗಳು ಅಷ್ಟಾಗಿ ಮೆಚ್ಚಲಿಲ್ಲ, ಅದರ ಮುಂಭಾಗದ ಸಸ್ಪೆನ್ಷನ್ ವಿನ್ಯಾಸವನ್ನು ಮಾತ್ರ ಹಾಟ್‌ರಾಡ್ ಮಾಡುವವರು, ಅಂದರೆ ಹಳೆ ಕಾರನ್ನು ವೇಗಕ್ಕೆ ಮಾರ್ಪಡಿಸುವವರು, ಎತ್ತಿಕೊಂಡು ಕಂಡಕಂಡ ಹಳೆ ಕಾರಿಗೆಲ್ಲ ಹಾಕಿದರು. ನಮ್ಮ ಕಾರಿಗೆ ಹಾಕಬೇಕಾದರೆ ಎರಡೂ ಶಾಕ್ ಟವರ್ ಕತ್ತರಿಸಿ ತೆಗೆಯಬೇಕು, ಕೆಳಗೆ ಹೊಸ ಕ್ರಾಸ್‌ಮೆಂಬರ್, ಅಂದರೆ ಅಡ್ಡ ತೊಲೆ, ವೆಲ್ಡ್ ಮಾಡಬೇಕು. ಬದಲಿಗೆ ಸಿಗುವುದು ಈಗಿನ ಕಾರುಗಳಲ್ಲಿರುವಂಥ ರ್‍ಯಾಕ್ ಸ್ಟೇರಿಂಗ್ ಮತ್ತು ಇಂಜಿನ್ ಸುತ್ತ ಬೇಕಾದಷ್ಟು ಜಾಗ.

ಸ್ಟೇರಿಂಗ್ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ನನ್ನ ಕಾರಿನ ಮಾಮೂಲಿ ಮ್ಯಾನುವಲ್ ಸ್ಟೇರಿಂಗ್ ಬಾಕ್ಸ್‌ನ ಗೇರ್ ಅನುಪಾತ 19ಕ್ಕೆ 1, ಈ ತುದಿಯಿಂದ ಆ ತುದಿಗೆ ನಾಲ್ಕೂವರೆ ಸುತ್ತಿನ ಹತ್ತಿರ. ಹೇರ್‌ಪಿನ್‌ನಲ್ಲಿ ಕೈ ಮೇಲೆ ಕೈ ಹಾಕಿ ಸುತ್ತುತ್ತಲೇ ಇರಬೇಕು. ಗೆಳೆಯನ ಕಾರಿನಲ್ಲಿ ಮಣಿಕಟ್ಟು ತಿರುಗಿಸಿದರೆ ಮೂತಿ ತಿರುಗುತ್ತದೆ. "ಹೊಸ ಕಾರಿದ್ದಂಗಿದೆ ಅಲ್ವೇನೋ" ಅಂತ ಅವನು ಬೀಗುತ್ತಾನೆ, ಹೌದು, ಒಪ್ಪಲೇಬೇಕು.

ಆದರೆ ತೇಪೆ ಹಾಕಿದ ತಿರುವಿನಲ್ಲಿ ಅವನ ಕಾರು ತಾನಾಗಿ ದಾರಿ ಬದಲಿಸುತ್ತಿತ್ತು, ಸ್ಟೇರಿಂಗ್ ಮುಟ್ಟದೆಯೇ. ರ್‍ಯಾಕ್ ಕೂತ ಎತ್ತರಕ್ಕೂ ಆರ್ಮ್‌ಗಳ ಕೋನಕ್ಕೂ ಹೊಂದಿಕೆ ಇಲ್ಲದಿದ್ದರೆ ಹೀಗಾಗುತ್ತದೆ, ಚಕ್ರ ಮೇಲೆ ಕೆಳಗೆ ಆದಾಗ ಟೋ ಬದಲಾಗುತ್ತದೆ. ಹಾಕಿಕೊಟ್ಟ ಅಂಗಡಿಯವರು ಟಯರ್ ಮೇಲೆ ಹೇಳಿ ಕೈ ತೊಳೆದುಕೊಂಡರು. ಕೊನೆಗೆ ಬೇರೊಬ್ಬರು ರ್‍ಯಾಕ್ ಕೆಳಗೆ ತೆಳು ತಗಡಿನ ಷಿಮ್ ಕೊಟ್ಟು ಸರಿ ಮಾಡಿದರು. ಇನ್ನೊಂದು, ಮುಂಚೆ ಟವರ್ ಮತ್ತು ಅದರ ಅಕ್ಕಪಕ್ಕದ ತಗಡು ಸೇರಿ ಹೊರುತ್ತಿದ್ದ ಭಾರ ಈಗ ಕೆಳಗಿನ ತೆಳು ರೈಲ್‌ಗಳ ಮೇಲೆ ಬೀಳುತ್ತದೆ. ಒಳ್ಳೆಯ ಕಿಟ್‌ಗಳು ಇದಕ್ಕೆ ಬಲಪಟ್ಟಿ ಕೊಡುತ್ತವೆ, ಅಗ್ಗದವು ಕೊಡುವುದಿಲ್ಲ. ಖರ್ಚು ಕೂಲಿ ಸೇರಿ ನನ್ನ ಕಾಯಿಲ್‌ಓವರ್ ಲೆಕ್ಕವನ್ನು ದಾಟಿ ಎಲ್ಲೋ ಹೋಯಿತು. ಟವರ್ ಒಮ್ಮೆ ಕತ್ತರಿಸಿದರೆ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ಸ್ಟೇರಿಂಗ್ ಬಿಟ್ಟರೆ ತಿರುವಿನಲ್ಲಿ ಅದು ನನ್ನ ಎರಡರಲ್ಲಿ ಯಾವುದನ್ನೂ ಮೀರಿಸಲಿಲ್ಲ. ಸ್ಟೇರಿಂಗ್ ಒಂದೇ ತೊಂದರೆ ಆದರೆ 16ಕ್ಕೆ 1ರ ಬಾಕ್ಸ್ ಹಾಕಿಸಿಕೊಳ್ಳಿ, ಇಲ್ಲ ಬೋರ್ಗಸನ್ ಕಂಪನಿಯ ಪವರ್ ಸ್ಟೇರಿಂಗ್ ಬಾಕ್ಸ್. ಆ ಕಾಲದ ಕಂಪನಿ ಪವರ್ ಸ್ಟೇರಿಂಗ್ ಮಾತ್ರ ಬೇಡ, ಅದರ ವಾಲ್ವ್ ಎಣ್ಣೆ ಸೋರಿಸುತ್ತಲೇ ಇರುತ್ತದೆ.

ಹಿಂಭಾಗದ ಬಗ್ಗೆ ಹೆಚ್ಚು ಬರೆಯೋಕೆ ಏನಿಲ್ಲ. ಲಾರಿಯಲ್ಲಿರುವಂಥ ಪ್ಲೇಟುಗಳೇ ಇದರಲ್ಲೂ ಇವೆ. ನಾಲ್ಕೂವರೆ ಪ್ಲೇಟಿನ ಹೊಸ ಸೆಟ್, ಒಳ್ಳೆ ಶಾಕ್, 200 ಕುದುರೆ ಶಕ್ತಿಗೆ ಧಾರಾಳ ಸಾಕು. ಹಿಂದೆಯೂ ಕಾಯಿಲ್‌ಓವರ್ ಹಾಕುವವರು ಒಂದು ನೆನಪಿಡಿ: ಹಿಂದಿನ ಶಾಕ್‌ನ ಮೇಲ್ತುದಿ ಕೂರುವುದು ಬರೀ ತಗಡಿಗೆ. ಅದು ಶಾಕ್ ತಡೆಯುತ್ತದೆ, ಕಾರಿನ ಭಾರ ತಡೆಯುವುದಿಲ್ಲ. ಅಡ್ಡ ಮೆಂಬರ್ ಇಲ್ಲದ ಕಿಟ್ ಕಡೆ ತಿರುಗಿಯೂ ನೋಡಬೇಡಿ.

ಹಾಗಾದರೆ ಮಸ್ಟಾಂಗ್ 2 ಕಿಟ್ ಯಾರಿಗೆ? ಈಗಿನ 5.0 ಕಾಯೋಟಿ ಇಂಜಿನ್ ಹಾಕುವವರಿಗೆ. ಅದರ ತಲೆಯಲ್ಲಿ ಕಡೆಗೆರಡು ಕ್ಯಾಮ್, ಅಗಲ ಅಷ್ಟಿರುತ್ತದೆ, ಟವರ್‌ಗಳ ನಡುವೆ ಹಿಡಿಸುವುದೇ ಇಲ್ಲ. ಆಗ ಟವರ್ ಕತ್ತರಿಸಲೇಬೇಕು, ಬೇರೆ ಮಾತಿಲ್ಲ. ಅವರೂ ಗರಗಸ ಎತ್ತುವ ಮುಂಚೆ ಕನೆಕ್ಟರ್ ವೆಲ್ಡ್ ಮಾಡಿಸಿಕೊಳ್ಳಲಿ, ರೈಲ್‌ಗಳಲ್ಲಿ ತುಕ್ಕು ಇದೆಯಾ ಅಂತ ಸುತ್ತಿಗೆಯಲ್ಲಿ ಬಡಿದು ನೋಡಲಿ. ಟಣ್ ಅಂದರೆ ಸರಿ. ಬೊದ್ ಅಂದರೆ ಕಿಟ್ ಆರ್ಡರ್ ನಿಲ್ಲಿಸಿ, ಮೊದಲು ರೈಲ್ ಬದಲಾಯಿಸಿ.