ಓಟ, ಸ್ಲೆಡ್, ನೀರಿನ ಕ್ಯಾನ್: ಮೂರನ್ನೂ ಮಾಡಿಸಿ ನೋಡಿದ ಮೇಲೆ

ಸೈನಿಕನ ಕಸುವು ಅಳೆಯಲು ಈ ಮೂರರಲ್ಲಿ ಯಾವುದು ಸರಿ ಎಂದರೆ ನನ್ನ ಮತ ನೀರಿನ ಕ್ಯಾನಿಗೆ. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ಊರಿಗೆ ಮರಳಿದವನು ನಾನು. ಲಡಾಖ್‌ನ ಪೋಸ್ಟ್‌ಗಳಿಗೆ ಸೀಮೆಎಣ್ಣೆಯ ಜೆರಿಕ್ಯಾನ್ ಹೊತ್ತದ್ದಕ್ಕೆ ಲೆಕ್ಕವಿಲ್ಲ. ಚಡ್ಡಿ ತೊಟ್ಟು ಗಡಿಯಾರದ ಎದುರು 1.6 ಕಿ.ಮೀ. ಓಡಿದ್ದು ಭರ್ತಿಯ ದಿನ, ಒಂದೇ ಸಲ.

ಈಗ ಕೋಲಾರದ ಹೊರವಲಯದಲ್ಲಿ ಹನ್ನೆರಡು ಹುಡುಗರನ್ನು ಸೇನಾ ಭರ್ತಿಯ ರ‍್ಯಾಲಿಗೆ ತಯಾರು ಮಾಡುತ್ತಿದ್ದೇನೆ. ಮೊದಲು ಕೆರೆಯಂಗಳದಲ್ಲಿ ಓಡಿಸುತ್ತಿದ್ದೆ. ಬೆಂಗಳೂರಿನಿಂದ ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ನೀರು ಬಂದು ಕೆರೆ ತುಂಬಿದ ಮೇಲೆ (ಅದು ಸಂತೋಷವೇ) ಮೈದಾನಕ್ಕೆ ಬಂದೆವು.

ನಮ್ಮ ರ‍್ಯಾಲಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ: 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, ಬೀಮಿಗೆ ಜೋತು ಹತ್ತು ಸಲ ಮೈ ಮೇಲೆಳೆದರೆ 40. ಒಂಬತ್ತು ಅಡಿ ಹಳ್ಳ ಜಿಗಿಯುವುದಕ್ಕೆ ಅಂಕವಿಲ್ಲ, ದಾಟಿದರೆ ಸಾಕು. ಸಾವಿರಾರು ಜನ ಬಂದು ನಿಲ್ಲುವ ಕಡೆ ಒಂದು ಸೀಟಿ, ಒಂದು ಗಡಿಯಾರದಲ್ಲಿ ಕೆಲಸ ಮುಗಿಯುತ್ತದೆ. ಆ ಮಟ್ಟಿಗೆ ತಕರಾರಿಲ್ಲ.

ಅಮೆರಿಕದ ಸೇನೆ 2022ರ ಅಕ್ಟೋಬರ್‌ನಿಂದ ಜಾರಿಗೆ ತಂದ ಪರೀಕ್ಷೆಯಲ್ಲಿ ಸ್ಲೆಡ್, ಅಂದರೆ ಭಾರ ಹೇರಿದ ಜಾರುಬಂಡಿ, ಎಳೆಯುವುದೂ ಒಂದು. 25 ಮೀಟರ್ ಅಂಕಣದಲ್ಲಿ ಐದು ಸಲ ಹೋಗಿ ಬರಬೇಕು. ಅದರಲ್ಲೊಂದು ಸುತ್ತು 41 ಕಿಲೋ ಹೇರಿದ ಸ್ಲೆಡ್ಡನ್ನು ಹಿಮ್ಮುಖವಾಗಿ ಎಳೆಯುವುದು. ಗಾಯಾಳುವನ್ನು ಎಳೆದು ತರುವುದಕ್ಕೆ ಹತ್ತಿರವೆಂದು ಆಸೆಪಟ್ಟು ವೆಲ್ಡಿಂಗ್ ಅಂಗಡಿಯಲ್ಲಿ 2,800 ರೂಪಾಯಿ ಕೊಟ್ಟು ಮಾಡಿಸಿದೆ.

ಅಲ್ಲಿಂದ ಶುರುವಾಯಿತು ಫಜೀತಿ. ನಮ್ಮದು ಗರಸು ನೆಲ. ತಗಡಿನ ಮುಂದಿನ ಅಂಚು ಕಲ್ಲಿಗೆ ಕಚ್ಚಿಕೊಂಡರೆ ಹುಡುಗ ಅಂಗಾತ. ಅಂಚನ್ನು ಬಾಗಿಸಿ ತಂದೆ, ಇನ್ನೊಂದು 300. ಕಚ್ಚುವುದು ನಿಂತಿತು, ಆದರೆ ಒಂದು ಮಳೆ ಬಿದ್ದದ್ದೇ ಕೆಮ್ಮಣ್ಣು ಅಡಿಗೆ ಮೆತ್ತಿಕೊಂಡು ಸ್ಲೆಡ್ ತೂಕವೇ ಹೆಚ್ಚಿತು. ಕೋಲು ಹಿಡಿದು ಕೆರೆಯುವುದಕ್ಕೇ ಒಬ್ಬನನ್ನು ನಿಲ್ಲಿಸಿದೆ.

ಅದಕ್ಕಿಂತ ಕೆಟ್ಟದ್ದು ಅಂಕದ ವಿಷಯ. ಒಬ್ಬ ಹುಡುಗ ಹುಲ್ಲಿನ ಮೇಲೆ 2 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದ. ಮರುವಾರ ಅವನೇ ಗರಸಿನ ಮೇಲೆ 2 ನಿಮಿಷ 55 ಸೆಕೆಂಡ್. ಸೆಕೆಂಡಿಗೆ ಅಂಕ ಕೊಡುವ ಪರೀಕ್ಷೆಯಲ್ಲಿ ನಾನು ಅಳೆದದ್ದು ಹುಡುಗನನ್ನೋ ನೆಲವನ್ನೋ? ಅದೇ ಪರೀಕ್ಷೆಗೆ ಎಸೆಯುವ ಚೆಂಡನ್ನೂ ಕೊಳ್ಳುವವನಿದ್ದೆ. 2025ರ ಜೂನ್‌ನಲ್ಲಿ ಚೆಂಡಿನ ಎಸೆತವನ್ನು ಅಮೆರಿಕದವರೇ ಕೈಬಿಟ್ಟರು, ನನ್ನ ದುಡ್ಡು ಉಳಿಯಿತು.

ಬ್ರಿಟನ್‌ನವರದು ಬೇರೆ ದಾರಿ. ಅಲ್ಲಿನ ಸೇನೆ ಸೈನಿಕನ ಕೆಲಸವನ್ನೇ ಪರೀಕ್ಷೆ ಮಾಡಿದೆ: 22 ಕಿಲೋದ ಎರಡು ಕ್ಯಾನ್ ಹಿಡಿದು 240 ಮೀಟರನ್ನು ನಾಲ್ಕು ನಿಮಿಷದೊಳಗೆ ನಡೆಯಬೇಕು. ಪಾಸು ಅಥವಾ ನಪಾಸು, ಅಷ್ಟೇ. 20 ಲೀಟರಿನ ಎರಡು ಹಳೆಯ ಕ್ಯಾನಿಗೆ ನೀರು ತುಂಬಿ ಒಂದಿಷ್ಟು ಮರಳು ಸುರಿದೆ. ಖರ್ಚು ಸೊನ್ನೆ.

5 ನಿಮಿಷ 12 ಸೆಕೆಂಡಿನ ಓಟಗಾರ ಮೂರು ಸಲ ಕ್ಯಾನ್ ಇಳಿಸಿದ. ಹಿಡಿಯ ಸಣ್ಣ ಅಂಚು ಬೆರಳಿನ ಗಂಟಿಗೆ ಒತ್ತಿ ಕೈ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಇಳಿಸಿ ಬರುವ ಇನ್ನೊಬ್ಬ, ಓಟದಲ್ಲಿ ಆರು ನಿಮಿಷದ ಆಸಾಮಿ, "ಸಾರ್, ಇನ್ನೊಂದು ಸುತ್ತು ಹೋಗಲಾ?" ಎಂದ. ನಮ್ಮ ಅಂಕಪಟ್ಟಿಯಲ್ಲಿ ಅವನು ಕೊನೆಯವನು. ಪೋಸ್ಟ್‌ನಲ್ಲಿ ನನ್ನ ಜೊತೆಗೆ ಯಾರು ಬೇಕೆಂದು ಕೇಳಿದರೆ ಅವನ ಹೆಸರನ್ನೇ ಹೇಳುತ್ತೇನೆ.

ಆದರೂ ಹುಡುಗರಿಗೆ ಬೇಕಾದದ್ದು ನೌಕರಿ. ಹಾಗಾಗಿ ವಾರದಲ್ಲಿ ನಾಲ್ಕು ದಿನ ಓಟ, ಎರಡು ದಿನ ಕ್ಯಾನ್. ಸ್ಲೆಡ್ ಅತ್ತಿಗೆಯ ಕೊಟ್ಟಿಗೆಯಲ್ಲಿದೆ. ಹಿಂಡಿ ಮೂಟೆಗೆ ತೇವ ತಾಗದಂತೆ ಅಡಿಗಿಟ್ಟಿದ್ದಾರೆ.