ಎಕ್ಸೆಪ್ಟೆಡ್ ಪ್ಯಾಕೇಜ್ ಲೇಬಲ್ ರೋಲ್: ಆರು ತಿಂಗಳು ಬಳಸಿದ ಮೇಲೆ

ನಮ್ಮ ಲ್ಯಾಬಿಂದ ವಿಕಿರಣ ಅಳೆಯೋ ಡಿಟೆಕ್ಟರ್ ಚೆಕ್ ಮಾಡೋಕೆ ಬೇಕಾದ, ತಾವೇ ವಿಕಿರಣ ಸೂಸೋ ಪುಟ್ಟ ಸೀಸಿಯಂ-137 ಸೋರ್ಸ್‌ಗಳನ್ನ ಆಗಾಗ ಫ್ಲೈಟಲ್ಲಿ ಕಳಿಸ್ತೀವಿ, ವಿಕಿರಣ ತುಂಬಾ ಕಡಿಮೆ ಇರೋದ್ರಿಂದ ಕೆಲವು ಸಾಗಣೆ ನಿಯಮಗಳಿಂದ ವಿನಾಯಿತಿ ಸಿಗೋ ಇಂಥ ಬಾಕ್ಸ್‌ಗೆ ಎಕ್ಸೆಪ್ಟೆಡ್ ಪ್ಯಾಕೇಜ್ ಅಂತಾರೆ, ಅದರ ಮೇಲೆ ಹಾಕೋಕೇ ಈ ಕೆಂಪು ಪಟ್ಟೆ ಅಂಚಿನ ಲೇಬಲ್ ರೋಲ್ ತಗೊಂಡಿದ್ದು. ಅಂಟು ಸೂಪರ್, ರಟ್ಟಿನ ಬಾಕ್ಸ್ ಮೇಲೆ ಒಂದ್ಸಲ ಕೂತ್ರೆ ಏಳಲ್ಲ.

ಇದರಲ್ಲಿ ತುಂಬಾ ಇಷ್ಟ ಆಗಿದ್ದು ಯುಎನ್ ನಂಬರ್ (ಒಳಗೆ ಯಾವ ಥರದ ಅಪಾಯಕಾರಿ ವಸ್ತು ಇದೆ ಅಂತ ಹೇಳೋ ಅಂತರರಾಷ್ಟ್ರೀಯ ಸಂಖ್ಯೆ) ಜಾಗ ಖಾಲಿ ಬಿಟ್ಟಿರೋದು, ಯಾಕಂದ್ರೆ ಸೋರ್ಸ್ ಹಾಗೇ ಕಳಿಸಿದ್ರೆ 2910, ಉಪಕರಣದ ಒಳಗಿದ್ರೆ 2911, ಖಾಲಿ ಡಬ್ಬ ವಾಪಸ್ ಹೋದ್ರೆ 2908, ಎಲ್ಲಕ್ಕೂ ಒಂದೇ ರೋಲ್ ಸಾಕು. ಮೊದ್ಲು ಬೇರೆ ಕಡೆ ತಗೊಂಡಿದ್ರಲ್ಲಿ 2911 ಅಂತ ಪ್ರಿಂಟೇ ಆಗಿತ್ತು, ಎಲ್ಲಕ್ಕೂ ನಡಿಯತ್ತೆ ಅಂದ್ರು ಮಾರಿದವ್ರು, ನಂಬಿದ್ವಿ, ಬಾಕ್ಸ್ ಕಾರ್ಗೋ ಕೌಂಟರಿಂದಲೇ ವಾಪಸ್ ಬಂತು, ಆ ಕಡೆ ಕಾಯ್ತಿದ್ದವರ ಕೆಲಸ ಪೂರ್ತಿ ನಿಂತೋಯ್ತು, ತುಂಬಾ ಬೇಜಾರಾಯ್ತು.

ಕೊರತೆ ಅಂದ್ರೆ ಮೇಲ್ಮೈ ನುಣುಪು, ಬಾಲ್‌ಪೆನ್ ಇಂಕ್ ಅಳಿಸೋಗತ್ತೆ, ಪರ್ಮನೆಂಟ್ ಮಾರ್ಕರೇ ಬೇಕು.

ಹೊಸಬರು ಗಮನಿಸಿ, ಬಾಕ್ಸ್ ಹೊರಮೈಯ ಯಾವ ಜಾಗದಲ್ಲೂ ವಿಕಿರಣ ಗಂಟೆಗೆ 5 ಮೈಕ್ರೋಸೀವರ್ಟ್ (ವಿಕಿರಣದ ಅಳತೆ) ದಾಟಬಾರದು, ದಾಟಿದ್ರೆ ಈ ಲೇಬಲ್ ಹಾಕೋ ಹಾಗೇ ಇಲ್ಲ. ಒಳಗಿರೋ ವಿಕಿರಣಶೀಲತೆಯ ಪ್ರಮಾಣಕ್ಕೂ ಮಿತಿ ಇದೆ, ಅದು ಯಾವ ಐಸೋಟೋಪ್ (ಸೀಸಿಯಂ-137 ಥರದ್ದು) ಅನ್ನೋದರ ಮೇಲೆ ಹೋಗತ್ತೆ. ಶಿಪ್ಪರ್ಸ್ ಡಿಕ್ಲರೇಷನ್ (ಅಪಾಯಕಾರಿ ವಸ್ತು ಕಳಿಸೋರು ಸಹಿ ಹಾಕಿ ಕೊಡೋ ಘೋಷಣೆ) ಬೇಡ, ಆದ್ರೆ ಏರ್ ವೇಬಿಲ್‌ನಲ್ಲಿ, ಅಂದ್ರೆ ವಿಮಾನ ಸರಕಿನ ರಸೀದಿಯಲ್ಲಿ, ಯುಎನ್ ನಂಬರ್ ಇರ್ಲೇಬೇಕು. 2910 ಆದ್ರೆ ಬಾಕ್ಸ್ ತೆಗೆದ ತಕ್ಷಣ ಕಾಣೋ ಹಾಗೆ ಒಳಗಡೆ ರೇಡಿಯೋಆಕ್ಟಿವ್ ಅಂತ ಬರೆದಿರ್ಬೇಕು, ಆ ಒಳಗಿನ ಸ್ಟಿಕರನ್ನೂ ಇದೇ ರೋಲ್ ಜೊತೆ ಕೊಟ್ಟಿದ್ರೆ ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೆ, ಈಗ ನಾಲ್ಕು.